ಹೊಳೆ ಸೇರಿದ ಹಾರ್ಮೋನು

1929ರಲ್ಲಿ ಜರ್ಮನಿಯ ಅಡಾಲ್ಫ್ ಬ್ಯುಟೆನಾಂಟ್ ಮತ್ತು ಅಮೆರಿಕದ ಎಡ್ವರ್ಡ್ ಡಾಯ್ಸಿ ಬೇರೆಬೇರೆಯಾಗಿ ದುಡಿದು ಒಂದೇ ವಸ್ತುವನ್ನು ಬೇರ್ಪಡಿಸಿದರು. ಅದು ಈಸ್ಟ್ರೋನ್ ಎಂಬ ಹೆಣ್ಣು ಹಾರ್ಮೋನು. ಸಿಕ್ಕಿದ್ದು ಬಸುರಿಯರ ಮೂತ್ರದಲ್ಲಿ. ಈ ಚರಿತ್ರೆಯಲ್ಲಿ ನನ್ನನ್ನು ಕಾಡುವುದು ಆ ಕೊನೆಯ ವಿವರವೇ. ಹಾರ್ಮೋನು ಮೂತ್ರದಲ್ಲಿ ಹೊರಹೋಗುತ್ತದೆಂದು ಅಂದೇ ಗೊತ್ತಿತ್ತು. ಊರಿನ ಮೂತ್ರವೆಲ್ಲ ಕೊನೆಗೆ ಹೊಳೆ ಸೇರುತ್ತದೆಂಬುದೂ ಗೊತ್ತಿತ್ತು. ಈ ಎರಡು ತಿಳಿವಳಿಕೆಗಳು ಒಂದೆಡೆ ಕೂಡಲು ಅರವತ್ತು ವರ್ಷ ದಾಟಬೇಕಾಯಿತು.

ಈ ನಡುವೆ, 1938ರಲ್ಲಿ, ಬರ್ಲಿನ್ನಿನ ಶೆರಿಂಗ್ ಕಂಪನಿಯ ರಸಾಯನಜ್ಞರು ಎಥಿನೈಲ್ ಈಸ್ಟ್ರಡಯಾಲ್ ತಯಾರಿಸಿದರು. ಸಹಜ ಹಾರ್ಮೋನನ್ನು ನುಂಗಿದರೆ ಯಕೃತ್ತು ಅದನ್ನು ಬೇಗ ಮುರಿದುಹಾಕುತ್ತದೆ. ಇದು ಸುಲಭಕ್ಕೆ ಮುರಿಯುವುದಿಲ್ಲ. ಮುಂದೆ ಗರ್ಭನಿರೋಧಕ ಮಾತ್ರೆಗೆ ಒದಗಿಬಂದ ಈ ಗುಣವೇ ನೀರಿನಲ್ಲಿಯೂ ಅದನ್ನು ಹೆಚ್ಚು ಕಾಲ ಉಳಿಸುತ್ತದೆ.

1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೊಳಚೆನೀರು ಶುದ್ಧೀಕರಣ ಘಟಕಗಳ ಕೊಳಗಳಲ್ಲಿ ವಿಚಿತ್ರ ಮೀನುಗಳು ಕಂಡವು. ರೋಚ್ ಜಾತಿಯ ಕೆಲವು ಮೀನುಗಳಲ್ಲಿ ಗಂಡು, ಹೆಣ್ಣು ಎರಡರ ಲಕ್ಷಣಗಳೂ ಇದ್ದವು. ಬ್ರೂನೆಲ್ ವಿಶ್ವವಿದ್ಯಾಲಯದ ಜಾನ್ ಸಂಪ್ಟರ್ ಮತ್ತು ಜೊತೆಗಾರರು ಟ್ರೌಟ್ ಮೀನುಗಳನ್ನು ಪಂಜರದಲ್ಲಿಟ್ಟು, ಘಟಕಗಳ ನೀರು ಹೊರಬೀಳುವ ಕಡೆ ಇಳಿಬಿಟ್ಟರು. ಗಂಡು ಮೀನುಗಳ ರಕ್ತದಲ್ಲಿ ವೈಟೆಲೊಜೆನಿನ್ ತುಂಬಿತು. ಅದು ಮೊಟ್ಟೆಯ ಹಳದಿಗೆಂದು ಹೆಣ್ಣು ಮೀನಿನ ಯಕೃತ್ತು ತಯಾರಿಸುವ ಪ್ರೋಟೀನು. ಈ ವರದಿ 1994ರಲ್ಲಿ ಪ್ರಕಟವಾಯಿತು. 1998ರಲ್ಲಿ ಸೂಸನ್ ಜಾಬ್ಲಿಂಗ್ ಮತ್ತಿತರರು, ನದಿಯ ಮೀನುಗಳಲ್ಲೂ ಈ ಬದಲಾವಣೆ ವ್ಯಾಪಕವಾಗಿದೆ ಎಂದು ತೋರಿಸಿದರು.

ದೂರು ಸಹಜವಾಗಿ ಮಾತ್ರೆಯ ಕಡೆ, ಅಂದರೆ ಅದನ್ನು ನುಂಗುವ ಹೆಂಗಸರ ಕಡೆ, ತಿರುಗಿತು. ಆದರೆ ಘಟಕಗಳ ನೀರನ್ನು ಪರೀಕ್ಷಿಸಿದಾಗ ಮುಖ್ಯವಾಗಿ ಸಿಕ್ಕಿದ್ದು ದೇಹವೇ ತಯಾರಿಸುವ ಈಸ್ಟ್ರೋನ್ ಮತ್ತು ಈಸ್ಟ್ರಡಯಾಲ್; ಕೆಲವೆಡೆ ಮಾತ್ರೆಯ ಹಾರ್ಮೋನೂ ಇತ್ತು. ದೇಹ ಹಾರ್ಮೋನಿಗೆ ಸಕ್ಕರೆಯಂಥ ಇನ್ನೊಂದು ಅಣುವನ್ನು ಅಂಟಿಸಿ, ನಿಷ್ಕ್ರಿಯಗೊಳಿಸಿ ಹೊರಹಾಕುತ್ತದೆ. ಚರಂಡಿಯ ಬ್ಯಾಕ್ಟೀರಿಯಾ ಆ ಬೆಸುಗೆಯನ್ನು ಬಿಡಿಸಿ ಅದನ್ನು ಮತ್ತೆ ಎಬ್ಬಿಸುತ್ತವೆ.

ಇಷ್ಟು ಸ್ವಲ್ಪದಿಂದ ಮೀನಿನ ಸಂತತಿಗೇ ಕುತ್ತು ಬಂದೀತೇ? ಕೆನಡಾದ ಕ್ಯಾರೆನ್ ಕಿಡ್ ತಂಡ 2001ರಿಂದ ಮೂರು ಬೇಸಿಗೆ ಒಂಟಾರಿಯೊದ ಪ್ರಾಯೋಗಿಕ ಸರೋವರವೊಂದಕ್ಕೆ ಎಥಿನೈಲ್ ಈಸ್ಟ್ರಡಯಾಲ್ ಬೆರೆಸಿತು. ಪ್ರಮಾಣ ಲೀಟರಿಗೆ 5ರಿಂದ 6 ನ್ಯಾನೊಗ್ರಾಂ. ಅಂದರೆ ನೂರು ಕೋಟಿ ಲೀಟರಿಗೆ ಐದಾರು ಗ್ರಾಂ. ಅಲ್ಲಿನ ಫ್ಯಾಟ್‌ಹೆಡ್ ಮಿನ್ನೊ ಎಂಬ ಪುಟ್ಟ ಮೀನಿನ ಸಂತತಿ ಅಳಿವಿನಂಚಿಗೆ ಬಂತು. ಬೆರೆಸುವುದು ನಿಂತ ಕೆಲವು ವರ್ಷಗಳಲ್ಲಿ ಅದು ಚೇತರಿಸಿಕೊಂಡಿತು.

ಸರೋವರಕ್ಕೆ ಬೆರೆಸುವುದನ್ನು ನಿಲ್ಲಿಸಬಹುದು. ಊರಿನ ಮೂತ್ರವನ್ನು ನಿಲ್ಲಿಸಲಾಗದು. ಹಾಗಾಗಿ ದಾರಿ ಇರುವುದು ಶುದ್ಧೀಕರಣ ಘಟಕದಲ್ಲಿ. ಓಝೋನ್ ಮತ್ತು ಸಕ್ರಿಯ ಇದ್ದಿಲು ಈ ಹಾರ್ಮೋನುಗಳನ್ನು ಬಹುಪಾಲು ತೆಗೆಯಬಲ್ಲವು. 2016ರಿಂದ ಸ್ವಿಟ್ಜರ್ಲೆಂಡ್ ದೊಡ್ಡ ಘಟಕಗಳಿಗೆ ಇಂಥ ಹೆಚ್ಚುವರಿ ಹಂತವನ್ನು ಕಾನೂನಿನಿಂದಲೇ ತರುತ್ತಿದೆ. ಇದಕ್ಕೆ ಹಣ ಬೇಕು, ನಿಜ. ಆದರೆ ಹೆಂಗಸರನ್ನು ದೂರುವುದಕ್ಕಿಂತ ಇದು ನ್ಯಾಯದ ದಾರಿ ಎಂದೇ ನನಗೆ ತೋರುತ್ತದೆ.