ಗಾರೆಯ ಮೇಲಿನ ಪಾದ

ನಮ್ಮ ಮನೆಯ ತಾರಸಿಯ ಒಂದು ಮೂಲೆಯಲ್ಲಿ, ಗಾರೆ ಹಸಿಯಿದ್ದಾಗ ಯಾರೋ ಊರಿದ ಒಂದು ಪುಟ್ಟ ಪಾದದ ಗುರುತಿತ್ತು. ಮಳೆ ಬಂದು ನಿಂತ ಮೇಲೆ ಅದರಲ್ಲಿ ಎರಡು ಚಮಚದಷ್ಟು ನೀರು ನಿಲ್ಲುತ್ತಿತ್ತು, ಗುಬ್ಬಿಗಳು ಬಂದು ಕುಡಿಯುತ್ತಿದ್ದವು. 1975ರಲ್ಲಿ ಮದುವೆಯಾಗಿ ರಾಜಾಜಿನಗರದ ಈ ಮನೆಗೆ ಬಂದ ಹೊಸತರಲ್ಲಿ ಹಪ್ಪಳ ಒಣಹಾಕಲು ಮೇಲೆ ಹೋದವಳು ಅದನ್ನು ಕಂಡು, ನಮ್ಮ ಯಜಮಾನರ ಬಾಲ್ಯದ ಗುರುತೆಂದೇ ತಿಳಿದು ಸಂಭ್ರಮಪಟ್ಟಿದ್ದೆ. ಅತ್ತೆ ನಕ್ಕುಬಿಟ್ಟರು. "ನಿನ್ನ ಗಂಡಂದಲ್ಲ ಕಣೇ. ಅವನನ್ನ ಕೆಲಸ ನಡೆಯೋ ಕಡೆ ಯಾರು ಬಿಡ್ತಿದ್ರು? ಅದು ಸಿತ್ತಾಳು ಮಗಳದ್ದು" ಎಂದರು.

ಆ ಸಿತ್ತಾಳು ಮಗಳು ಆ ಹೊತ್ತಿನಲ್ಲಿ ನಮ್ಮ ಹಿತ್ತಲಲ್ಲೇ ಕೂತು ಪಾತ್ರೆ ಬೆಳಗುತ್ತಿದ್ದಳು. ನನ್ನ ಓರಗೆಯವಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇಡವೆಂದು ಅವಳೇ ಹೇಳಿದ್ದಾಳೆ.

ಮನೆ ಕಟ್ಟಿದ್ದು 1958ರಲ್ಲಿ. ಆ ಕಾಲದ ತಾರಸಿಯೆಂದರೆ ಇಂದಿನಂತೆ ಒಂದು ದಿನ ಕಾಂಕ್ರೀಟು ಸುರಿದು ಮುಗಿಸುವ ಕೆಲಸವಲ್ಲ. ಇಟ್ಟಿಗೆ ಜಲ್ಲಿಗೆ ಸುಣ್ಣ ಬೆರೆಸಿ ಹರಡಿ, ಹೆಂಗಸರು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತು ಮರದ ಹಲಗೆಗಳಿಂದ ದಿನಗಟ್ಟಲೆ ಬಡಿಯಬೇಕು. ನಡುನಡುವೆ ಅಳಲೆಕಾಯಿ ಮತ್ತು ಬೆಲ್ಲ ಕೊಳೆಹಾಕಿದ ನೀರು ಚಿಮುಕಿಸಬೇಕು. ಬಡಿತದ ಲಯಕ್ಕೆ ಅವರು ತಮಿಳಿನಲ್ಲಿ ಪದ ಹೇಳುತ್ತಿದ್ದರಂತೆ. ಅತ್ತೆಗೆ ಅರ್ಥವಾಗುತ್ತಿರಲಿಲ್ಲ, ಆದರೆ ಧಾಟಿ ಕೊನೆಯವರೆಗೂ ಬಾಯಲ್ಲಿತ್ತು. ಅಕ್ಕಿ ಆರಿಸುವಾಗ ತಮಗರಿವಿಲ್ಲದೆ ಗುನುಗುತ್ತಿದ್ದರು. ಅಂಥ ತಾರಸಿಗೆ ಮದ್ರಾಸ್ ತಾರಸಿ ಎಂದೇ ಹೆಸರು. ನಮ್ಮ ತಲೆಯ ಮೇಲಿನ ಸೂರಿನ ಹೆಸರಲ್ಲೇ ಅವರ ಊರಿತ್ತು. ನಾವು ಗಮನಿಸಿರಲಿಲ್ಲ, ಅಷ್ಟೆ.

ಬಡಾವಣೆಯ ಹೆಸರೂ ಹಾಗೆಯೇ. ರಾಜಾಜಿ ಹುಟ್ಟಿದ್ದು 1878ರಲ್ಲಿ, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಓದಿದ್ದು ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ, ವಕೀಲಿ ಮಾಡಿದ್ದು ಸೇಲಂನಲ್ಲಿ. ಮೈಸೂರು ಸರ್ಕಾರ 1949ರಲ್ಲಿ ಇಲ್ಲಿ ಕೈಗಾರಿಕಾ ಉಪನಗರಕ್ಕೆ ಅಡಿಗಲ್ಲು ಹಾಕಿದಾಗ ಅವರು ದೇಶದ ಗವರ್ನರ್ ಜನರಲ್ ಆಗಿದ್ದರು. ಅದೇ ವರ್ಷ, ಒಂದೂವರೆ ಶತಮಾನದ ಹತ್ತಿರ ಬೇರೆ ಬೇರೆ ಆಡಳಿತದಲ್ಲಿದ್ದ ಪೇಟೆ ಮತ್ತು ದಂಡು ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು.

ದಂಡು ಎಂದೊಡನೆ ತಮಿಳರ ನೆನಪು ಬರುತ್ತದೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣ ಬಿಟ್ಟು ತಮ್ಮ ಪಡೆಯನ್ನು ಇಲ್ಲಿಗೆ ತಂದರು; ಅದರ ಹಿಂದೆಯೇ ಮದ್ರಾಸು ಸೀಮೆಯಿಂದ ಅಡುಗೆಯವರು, ಅಗಸರು, ಗುತ್ತಿಗೆದಾರರು, ಅಂಗಡಿಯವರು ಬಂದರು. 1864ರಲ್ಲಿ ಜೋಲಾರಪೇಟೆಯ ರೈಲು ಬಂದ ಮೇಲಂತೂ ದಾರಿ ಸಲೀಸಾಯಿತು. ಹಲಸೂರು, ಶಿವಾಜಿನಗರದ ಕಥೆ ಅದು, ಎಲ್ಲರೂ ಬಲ್ಲರು. ನಮ್ಮ ಪಶ್ಚಿಮ ಬೆಂಗಳೂರಿನ ಕಥೆ ಬೇರೆ. ಇಲ್ಲಿ ಕರೆದದ್ದು ಪಡೆಯಲ್ಲ, ಗಿರಣಿಯ ಕೂಗು. 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಕಂಪನಿಯ ಕೈಗೆ ಬಂದ ಉಣ್ಣೆ, ಹತ್ತಿ, ರೇಷ್ಮೆ ಗಿರಣಿ, ರಾಜಾ ಮಿಲ್ಲು, ಮಿನರ್ವ ಮಿಲ್ಲು: ಇವುಗಳ ಸುತ್ತ ಮಾಗಡಿ ರಸ್ತೆ, ಶ್ರೀರಾಮಪುರದ ಕೇರಿಗಳು ತುಂಬಿದವು. ಗಿರಣಿಯಲ್ಲಿ ಕೆಲಸ ಸಿಕ್ಕವರು ಪುಣ್ಯವಂತರು. ಸಿಗದವರು ಕಲ್ಲು ಹೊತ್ತರು. ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನವರು ಹೊಲಗಳನ್ನು ಅಳೆದು ಸೈಟು ಮಾಡಿ ಹಂಚಿದಂತೆಲ್ಲ, ಒಂದೊಂದು ಬ್ಲಾಕಿನಲ್ಲೂ ಮೊದಲು ಎದ್ದದ್ದು ನಮ್ಮ ಮನೆಗಳಲ್ಲ, ಕೂಲಿಯವರ ಶೆಡ್ಡುಗಳು. ರಾಜಾಜಿನಗರ ಮುಗಿದ ಮೇಲೆ ವಿಜಯನಗರ, ಆಮೇಲೆ ಬಸವೇಶ್ವರನಗರ, ಆಮೇಲೆ ಕೆಂಗೇರಿ ಉಪನಗರ. ಮನೆ ಎದ್ದು ಗೃಹಪ್ರವೇಶದ ಮಾವಿನೆಲೆ ಕಟ್ಟುವ ದಿನ ಅವರು ಶೆಡ್ಡು ಕಿತ್ತುಕೊಂಡು ಮುಂದಿನ ಸೈಟಿಗೆ ನಡೆಯುತ್ತಿದ್ದರು.

ಇವಳ ತಾಯಿ ಬಂದದ್ದು ಆಗಿನ ಸೇಲಂ ಜಿಲ್ಲೆಯ ಧರ್ಮಪುರಿ ಕಡೆಯಿಂದ. ಮಳೆಯನ್ನೇ ನಂಬಿದ ಹೊಲ, ಸಾಲ, ಎರಡು ವರ್ಷ ಮಳೆಯಿಲ್ಲ, ಇಷ್ಟೇ ಕಾರಣ. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ನಮ್ಮ ಸೈಟಿನ ಹೊಂಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೈಗೂಸನ್ನು ಮಲಗಿಸಿ, ಐದು ವರ್ಷದ ಇವಳನ್ನು ತೂಗಲು ಬಿಟ್ಟು, ತಾನು ಬಾಂಡ್ಲಿ ಹೊರುತ್ತಿದ್ದಳು. ಇವಳು ತೂಗುವುದು ಬಿಟ್ಟು ಏಣಿ ಹತ್ತಿ ಹಸಿ ಗಾರೆಯ ಮೇಲೆ ಕಾಲಿಟ್ಟ ದಿನ ಮೇಸ್ತ್ರಿ ಹೊಡೆಯಲು ಬಂದನಂತೆ. ಅತ್ತೆ ಅಡ್ಡ ಹೋದರಂತೆ. ಅತ್ತೆ ಅಡ್ಡ ಹೋಗುವುದರಲ್ಲಿ ಎತ್ತಿದ ಕೈ.

ಅತ್ತೆ ಮದ್ದೂರಿನ ಕಡೆಯವರು, ರಾಗಿಮುದ್ದೆ ಉಂಡು ಬೆಳೆದವರು. ಶೆಡ್ಡಿನ ಮುಂದೆ ಮೂರು ಕಲ್ಲಿನ ಒಲೆಯ ಮೇಲೆ ಸಿತ್ತಾಳು ಕೋಲಿನಿಂದ ತೊಳಸುತ್ತಿದ್ದ ಪದಾರ್ಥವನ್ನು ಇಣುಕಿ ನೋಡಿ "ಇದು ಮುದ್ದೆಯಲ್ವೇ?" ಎಂದರೆ ಆಕೆ "ಇಲ್ಲಮ್ಮ, ಕಳಿ" ಎಂದಳಂತೆ. ಇಬ್ಬರೂ ತಮ್ಮ ತಮ್ಮ ಹೆಸರನ್ನು ಬಿಟ್ಟುಕೊಡಲಿಲ್ಲ. ಸೊಪ್ಪಿನ ಸಾರನ್ನು ಮಾತ್ರ ಹಂಚಿಕೊಂಡರು. ಆಷಾಢದ ಹೊತ್ತಿಗೆ ಬರುವ ಅವರ ಆಡಿ ತಿಂಗಳಲ್ಲಿ ಮಾರಿಯಮ್ಮನಿಗೆ ಬೇವಿನ ಸೊಪ್ಪು ಕಟ್ಟಿ ರಾಗಿ ಗಂಜಿ ಕಾಸಿ ಕೇರಿಗೆಲ್ಲ ಹಂಚುತ್ತಾರೆ. ಅದನ್ನವರು ಕೂಳು ಎನ್ನುತ್ತಾರೆ. ನಮ್ಮಲ್ಲಿ ಆ ಶಬ್ದ ಬೈಗುಳಕ್ಕೆ ಇಳಿದುಬಿಟ್ಟಿದೆ, ಅವರಲ್ಲಿ ಅದು ಅಮ್ಮನ ಪ್ರಸಾದ. ಮೊದಲ ಸಲ ಅವಳು ತಂಬಿಗೆ ಹಿಡಿದು "ಅಕ್ಕ, ಕೂಳು ತಗೊಳ್ಳಿ" ಎಂದಾಗ ನನಗೆ ಕೋಪ ಬಂದದ್ದನ್ನು ನೆನೆದರೆ ಈಗ ನಗು ಬರುತ್ತದೆ.

ಅವಳ ಗಂಡ ಮೂಟೆ ಹೊರುತ್ತಿದ್ದ, ಕುಡಿಯುತ್ತಿದ್ದ, ಬೇಗ ಸತ್ತ. ಶ್ರೀರಾಮಪುರದ ರೈಲು ಹಳಿಯ ಪಕ್ಕದ ಸಾಲಿನಲ್ಲಿ ಅವಳ ಗುಡಿಸಲು. ಮೂರು ಮನೆಯ ಪಾತ್ರೆ ಬಟ್ಟೆ ಮುಗಿಸಿ, ಮಧ್ಯಾಹ್ನ ಊದುಬತ್ತಿ ಹೊಸೆಯಲು ಕೂರುತ್ತಿದ್ದಳು. ಅಂಗೈ ಸದಾ ಕಪ್ಪು. ಅಷ್ಟರಲ್ಲೇ ಉಳಿಸಿ ಒಂದು ಹಳೆಯ ಹೊಲಿಗೆ ಯಂತ್ರ ಕೊಂಡಳು, ಇಬ್ಬರು ಹೆಣ್ಣುಮಕ್ಕಳನ್ನು ಕನ್ನಡ ಶಾಲೆಗೆ ಹಾಕಿದಳು. ದೊಡ್ಡವಳು ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲೇ ಓದುತ್ತಿದ್ದಳು. ತರಗತಿಗೆಲ್ಲ ಮುದ್ದಾದ ಕನ್ನಡ ಅಕ್ಷರ ಅವಳದು.

ಇನ್ನು 1991ಕ್ಕೆ ಬರಬೇಕು.

ಆ ವರ್ಷ ಜೂನ್ 25ರಂದು ಕಾವೇರಿ ನ್ಯಾಯಮಂಡಲಿ ಮಧ್ಯಂತರ ಆದೇಶ ಕೊಟ್ಟು, ವರ್ಷಕ್ಕೆ 205 ಟಿಎಂಸಿ ನೀರನ್ನು ತಮಿಳುನಾಡಿಗೆ ಬಿಡಬೇಕೆಂದಿತು. ಅತ್ತೆಯ ತಮ್ಮನ ಗದ್ದೆ ವಿಶ್ವೇಶ್ವರಯ್ಯ ನಾಲೆಯ ನೀರನ್ನೇ ನಂಬಿದ್ದು. ಆತ ಬಂದು ನಮ್ಮ ನಡುಮನೆಯಲ್ಲಿ ಕೂತು "ನಾಲೆ ಒಣಗಿದ್ರೆ ನಮ್ ಗತಿ ಏನಕ್ಕಾ" ಎಂದು ಕಣ್ಣೀರಿಟ್ಟದ್ದನ್ನು ನಾನೇ ಕಂಡಿದ್ದೇನೆ. ಮಂಡ್ಯದವರ ಆತಂಕ ಸುಳ್ಳಲ್ಲ. ಅದನ್ನು ಹಗುರ ಮಾಡಿ ಈ ಕಥೆ ಹೇಳುವ ಇಚ್ಛೆ ನನಗಿಲ್ಲ. ಆದರೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳ ಹೊಲಕ್ಕೂ ಕಾವೇರಿಗೂ ಏನು ಸಂಬಂಧ? ನದಿ ಹೊಗೇನಕಲ್ಲಿನಲ್ಲಿ ಅವರ ಸೀಮೆಯ ಅಂಚಿನಲ್ಲೇ ಧುಮುಕುತ್ತದೆ. ಅವಳಜ್ಜನ ಹೊಲಕ್ಕೆ ಒಂದು ಹನಿ ಹರಿದಿಲ್ಲ. ನೀರಿದ್ದಿದ್ದರೆ ಅವರು ಇಲ್ಲಿಗೆ ಬರುತ್ತಲೇ ಇರಲಿಲ್ಲ. ಬೀದಿ ನಲ್ಲಿಯ ಮುಂದೆ ನಸುಕಿನ ನಾಲ್ಕಕ್ಕೆ ಬಿಂದಿಗೆ ಇಟ್ಟು ಕಾಯುತ್ತಿದ್ದಳಲ್ಲ, ಆ ನಲ್ಲಿಗೆ ಬಹುಕಾಲ ಬಂದದ್ದು 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯದ ಅರ್ಕಾವತಿಯ ನೀರು. ಕಾವೇರಿ ಈ ಊರಿಗೆ ಬಂದದ್ದೇ 1974ರಲ್ಲಿ.

ಡಿಸೆಂಬರಿನಲ್ಲಿ ಆ ಆದೇಶ ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾಯಿತು. 12ನೆಯ ತಾರೀಖು, ಗುರುವಾರ, ಊರು ಹತ್ತಿಕೊಂಡಿತು. ಮಾಗಡಿ ರಸ್ತೆಯ ಕಡೆಯಿಂದ ಹೊಗೆ ಕಾಣುತ್ತಿತ್ತು. ಸಂಜೆ ಹಿತ್ತಲ ಬಾಗಿಲು ಬಡಿದ ಸದ್ದು. ಅವಳು, ಇಬ್ಬರು ಮಕ್ಕಳು, ಕೈಯಲ್ಲೊಂದು ಗಂಟು. "ಬೆಂಕಿ ಇಟ್ಬುಟ್ರು ಅಕ್ಕ" ಎಂದಳು, ಅಷ್ಟೇ.

ನಾನು ಏನು ಮಾಡಬೇಕೆಂದು ತೋಚದೆ ನಿಂತಿದ್ದೆ. ನೀರಿಗಾಗಿ ತಮ್ಮನ ಜೊತೆ ಅತ್ತಿದ್ದ ಅತ್ತೆಯೇ ಬಂದು ಅವಳ ಕೈ ಹಿಡಿದು ಒಳಗೆಳೆದು ಚಿಲಕ ಹಾಕಿದರು.

ಮೂರು ರಾತ್ರಿ ಅವರು ನಮ್ಮ ಸಾಮಾನಿನ ಕೋಣೆಯಲ್ಲಿದ್ದರು. ಮೊದಲ ರಾತ್ರಿಯೇ ನಾನು ಅವಳ ಎರಡೂ ಮೂಗಿನ ಬೊಟ್ಟು ತೆಗೆಸಿದೆ, ಹಣೆಯ ವಿಭೂತಿ ಒರೆಸಿದೆ, ಮಕ್ಕಳಿಗೆ ತಮಿಳಿನಲ್ಲಿ ಪಿಸುಗುಟ್ಟಲೂಬಾರದೆಂದೆ. ಜನ ಮಾತಾಡಿಸಿ ಭಾಷೆ ಪರೀಕ್ಷಿಸುತ್ತಾರೆಂದು ಸುದ್ದಿಯಿತ್ತು. ಮಕ್ಕಳ ಚಿಂತೆಯಿರಲಿಲ್ಲ, ಅವಳದೇ ಚಿಂತೆ. ಅವಳ ಬಾಯಲ್ಲಿ 'ಹ' ನಿಲ್ಲದು; ಹಾಲು ಆಲು, ಹೂವು ಊವು. ನಾನು ಮೇಷ್ಟ್ರ ಹಾಗೆ ಎದುರು ಕೂತು "ಹೇಳು, ಹಾಲು" ಎಂದು ತಿದ್ದಿದೆ. ಅವಳು "ಆಲು" ಎಂದಳು. ಮತ್ತೆ ಹೇಳಿಸಿದೆ. ಮತ್ತೂ "ಆಲು". ಗೋಡೆಗೊರಗಿದ್ದ ಅತ್ತೆ "ಬುಡು ಅತ್ಲಾಗೆ, ನನ್ಗೇ ಬರಾಕಿಲ್ಲ, ನಾನೂ ಆಲು ಅಂತೀನಿ, ನನ್ನೂ ಓಡುಸ್ತಾರಾ?" ಎಂದರು. ನಾವು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆವು. ಹೊರಗೆ ಪೊಲೀಸ್ ಜೀಪು ಹೋಯಿತು.

ಆ ದಿನಗಳಲ್ಲಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಕುಟುಂಬಗಳು ಹೊಸೂರಿನ ಗಡಿ ದಾಟಿದವು. ಅತ್ತ ತಮಿಳುನಾಡಿನಲ್ಲಿ ಕನ್ನಡಿಗರ ಮೇಲೂ ಕೈ ಬಿತ್ತು. ನಾಲ್ಕನೆಯ ದಿನ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ "ನಿಮ್ಮ ಕೋಣೇಲಿ ದೀಪ ಉರೀತಿತ್ತಲ್ಲ" ಎಂದು ಕೇಳಿದರು. ಸಹಜವಾಗಿ ಕೇಳಿದರೋ ಬೇರೆ ಅರ್ಥವಿತ್ತೋ, ಹೆದರಿದವರಿಗೆ ಎಲ್ಲವೂ ಒಂದೇ. ನಮ್ಮವರು "ಮಕ್ಕಳಿದ್ದಾರೆ ಮನೇಲಿ. ಅವರನ್ನ ಹೊಸೂರಿನ ದಾರಿಗೆ ಮುಟ್ಟಿಸಿಬಿಡ್ತೀನಿ, ಊರಿಗೆ ಹೋಗಲಿ" ಎಂದರು. ಅತ್ತೆ ಮಲಗಿದ್ದರು. ನಾನು ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಚಪಾತಿ ಕಟ್ಟಿಕೊಟ್ಟೆ, ಇನ್ನೂರು ರೂಪಾಯಿ ಕೈಗಿಟ್ಟೆ. ಬಾಗಿಲಲ್ಲಿ ಅವಳು ತಿರುಗಿ, ಕೋಪವೇನೂ ಇಲ್ಲದೆ, ನಿಜವಾಗಿ ತಿಳಿಯದವಳಂತೆ ಕೇಳಿದಳು: "ಯಾವೂರಿಗೆ ಓಗ್ಲಿ ಅಕ್ಕ?"

ಹೋದ ಊರಿನಲ್ಲಿ ಅವಳಿಗೆ ಒಬ್ಬ ಸೋದರತ್ತೆಯ ಹೊರತು ಯಾರೂ ಇರಲಿಲ್ಲ. ಅಲ್ಲಿ ಅವಳನ್ನು ಬೆಂಗಳೂರಿನವಳೆಂದು ಕರೆದರಂತೆ. ಅವಳ ತಮಿಳು ಕೇಳಿ ಮಕ್ಕಳು ನಕ್ಕವಂತೆ.

ಇಲ್ಲಿ ಶಾಲೆ ಮತ್ತೆ ತೆರೆಯಿತು. ಹಾಜರಿ ಪುಸ್ತಕದಲ್ಲಿ ದೊಡ್ಡವಳ ಹೆಸರಿನ ಮುಂದೆ ದಿನವೂ ಗೈರು ಎಂದು ಬರೆದವಳು ನಾನೇ. ಅವಳು ಹತ್ತನೆಯ ತರಗತಿ. ಹಾಜರಿ ಕಡಿಮೆ ಬಿದ್ದ ಹುಡುಗಿಯರ ಪಟ್ಟಿ ಸಿದ್ಧಪಡಿಸಬೇಕಾಗಿ ಬಂತು. ಅದರ ಕೆಳಗೆ ತರಗತಿಯ ಶಿಕ್ಷಕಿಯ ರುಜು ಬೇಕಿತ್ತು. ಕಾರಣ ನನಗೆ ಗೊತ್ತಿತ್ತು. ಹೇಳಿದರೆ ಮುಖ್ಯೋಪಾಧ್ಯಾಯಿನಿ ಕೇಳುತ್ತಿದ್ದರೋ ಏನೋ. ಸ್ಟಾಫ್ ರೂಮಿನಲ್ಲಿ ಆಗ ಆ ಮಾತೆತ್ತುವ ಗಾಳಿಯಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ರುಜು ಹಾಕಿದೆ.

ಸಂಕ್ರಾಂತಿ ಕಳೆದು, ಶಿವರಾತ್ರಿಯೂ ಕಳೆದ ಮೇಲೆ ಅವರು ಮರಳಿದರು. ಗುಡಿಸಲಿನ ಜಾಗದಲ್ಲಿ ಬೂದಿಯೂ ಉಳಿದಿರಲಿಲ್ಲ, ಹೊಲಿಗೆ ಯಂತ್ರದ ಕಬ್ಬಿಣವನ್ನೂ ಯಾರೋ ಒಯ್ದಿದ್ದರು. ಅವಳು ಬೆಳಿಗ್ಗೆ ಎಂದಿನಂತೆ ಬಂದು ಪಾತ್ರೆಗೆ ಕೂತಳು. ದೊಡ್ಡವಳು ಪೀಣ್ಯದ ಗಾರ್ಮೆಂಟ್ಸಿಗೆ ಸೇರಿದಳು. ಮರುವರ್ಷ ಪರೀಕ್ಷೆ ಕಟ್ಟಿಸುತ್ತೇನೆಂದು ನಾನು ಹೋಗಿ ಕೇಳಿದಾಗ "ಸಂಬಳ ಬರ್ತಾ ಇದೆ ಮಿಸ್" ಎಂದಳು. ರುಜುವಿನ ವಿಷಯ ಅವಳಿಗೆ ಗೊತ್ತಿತ್ತು. ಇಂದಿಗೂ ನನ್ನನ್ನು ಮಿಸ್ ಎಂದೇ ಕರೆಯುತ್ತಾಳೆ.

ಹಲಸೂರು ಕೆರೆಯ ಬಳಿ 1991ರಿಂದ ಮುಸುಕು ಹೊದ್ದು ನಿಂತಿದ್ದ ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್ 9ರಂದು ಅನಾವರಣವಾಯಿತು. ನಾಲ್ಕು ದಿನದ ಮೇಲೆ ಚೆನ್ನೈನಲ್ಲಿ ನಮ್ಮ ಸರ್ವಜ್ಞನದು. ಅಂದು ಟಿವಿಯಲ್ಲಿ ತೋರಿಸಿದಾಗ ಅವಳು ಸೆರಗಿಗೆ ಕೈ ಒರೆಸಿಕೊಂಡು ನಿಂತು ನೋಡಿ, "ಇಷ್ಟ್ ವರ್ಷ ಗೋಣಿ ಒಳಗೆ ಸೆಕೆ ಆಗಿರ್ಬೇಕು ಪಾಪ" ಎಂದಳು.

2016ರ ಸೆಪ್ಟೆಂಬರ್ 12ರಂದು ಮತ್ತೆ ಹೊಗೆ. ಸುಪ್ರೀಂ ಕೋರ್ಟಿನ ಆದೇಶ, ಮೈಸೂರು ರಸ್ತೆ ಕಡೆಯ ಡಿಪೋ ಒಂದರಲ್ಲಿ ಸಾಲಾಗಿ ಉರಿದ ಬಸ್ಸುಗಳು, ಹದಿನಾರು ಪೊಲೀಸ್ ಠಾಣೆಗಳ ಸರಹದ್ದಿನಲ್ಲಿ ಕರ್ಫ್ಯೂ: ರಾಜಾಜಿನಗರ, ವಿಜಯನಗರ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಕೆಂಗೇರಿ. ಹೆಸರುಗಳೂ ಅವೇ. ಅತ್ತೆ, ನಮ್ಮವರು ಇಬ್ಬರೂ ತೀರಿಕೊಂಡಿದ್ದರು, ಮನೆಯಲ್ಲಿ ನಾನೊಬ್ಬಳೇ. ಅವಳಿಗೆ ಫೋನು ಮಾಡಿದೆ: "ಇಲ್ಲಿಗೆ ಬಂದುಬಿಡಿ, ಎಷ್ಟು ದಿನ ಬೇಕಾದರೂ ಇರಿ." ಈ ಮಾತನ್ನು ಇಪ್ಪತ್ತೈದು ವರ್ಷ ಒಳಗೇ ಇಟ್ಟುಕೊಂಡಿದ್ದೆ. ಅವಳು, "ನಮ್ ಬೀದೀಲಿ ಎಲ್ಲಾ ಸೇರಿ ಕಾವಲು ಕೂತವ್ರೆ ಅಕ್ಕ, ಕನ್ನಡದವರೂ ಅವ್ರೆ. ನೀವು ಆಚೆ ಬರಬೇಡಿ. ಮನೇಲಿ ಆಲೈತಾ?" ಎಂದಳು.

ಕಳೆದ ಮಳೆಗಾಲದಲ್ಲಿ ತಾರಸಿ ಸೋರತೊಡಗಿತು. ಕೆಲಸಕ್ಕೆ ಬಂದವರು ಬಿಹಾರದ ಹುಡುಗರು, ಜೊತೆಗೆ ಯಾದಗಿರಿ ಕಡೆಯ ಇಬ್ಬರು ಹೆಂಗಸರು. ಸೋರುವುದು ಆ ಮೂಲೆಯಲ್ಲೇ, ಹಳೆಯ ಗಾರೆ ಕಿತ್ತು ಹೊಸದು ಹಾಕಬೇಕೆಂದರು. ನನಗೆ ಮನಸ್ಸು ಬರಲಿಲ್ಲ. ಅವಳನ್ನು ಕರೆಸಿದೆ. ಈಗ ಅವಳು ಮನೆಗೆಲಸ ಬಿಟ್ಟಿದ್ದಾಳೆ, ಮಂಡಿನೋವು. ಆದರೂ ಮೊಮ್ಮಗಳ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಬಗ್ಗಿ ನೋಡಿದಳು. ಚಪ್ಪಲಿ ಬಿಟ್ಟು ಆ ಪುಟ್ಟ ಗುರುತಿನ ಪಕ್ಕದಲ್ಲಿ ಒಡೆದ ಹಿಮ್ಮಡಿಯ ತನ್ನ ಪಾದ ಇಟ್ಟಳು. ಮೊಮ್ಮಗಳು ಮೊಬೈಲಿನಲ್ಲಿ ಫೋಟೋ ತೆಗೆದಳು.

"ಇದನ್ನು ಹಾಗೇ ಬಿಟ್ಟು ಸುತ್ತ ಮಾಡಿಸೋಣ ಅಂತಿದ್ದೆ" ಎಂದೆ.

"ಅದೆಂಗಾಯ್ತದೆ ಅಕ್ಕ? ಮುಚ್ಚಿಸಿಬುಡಿ" ಎಂದು ಅವಳು ಹುಡುಗನ ಕಡೆ ಕೈ ಮಾಡಿದಳು. "ನೀರಿಳಿದ್ರೆ ಗೋಡೆ ಆಳಾಯ್ತದೆ."