ದಕ್ಷಿಣ ಕೊರಿಯಾದಲ್ಲಿ ವಿದೇಶಿ ಇಂಗ್ಲಿಷ್ ಶಿಕ್ಷಕರು

ದಕ್ಷಿಣ ಕೊರಿಯಾದ ಸರ್ಕಾರಿ ಶಾಲೆಗಳಲ್ಲಿಯೂ ಖಾಸಗಿ ಪಾಠಕೇಂದ್ರಗಳಲ್ಲಿಯೂ ಮಕ್ಕಳಿಗೆ ಇಂಗ್ಲಿಷ್ ಸಂಭಾಷಣೆ ಕಲಿಸಲು ಹೊರದೇಶಗಳ ಪ್ರಜೆಗಳನ್ನು ಗುತ್ತಿಗೆಯ ಮೇಲೆ ನೇಮಿಸಿಕೊಳ್ಳುವ ಪದ್ಧತಿಯಿದೆ. ಇಂತಹ ಶಿಕ್ಷಕರನ್ನು ಕೊರಿಯನ್ ಭಾಷೆಯಲ್ಲಿ 'ವೊನೊಮಿನ್ ಗ್ಯೊಸಾ', ಅಂದರೆ ಮಾತೃಭಾಷಿಕ ಶಿಕ್ಷಕರು ಎಂದು ಕರೆಯುತ್ತಾರೆ. ಇವರಲ್ಲಿ ಹೆಚ್ಚಿನವರು 'ಇ-2' ಎಂಬ ವರ್ಗದ ವೀಸಾ ಪಡೆದು ಬರುತ್ತಾರೆ. ಈ ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪ್ರಜೆಗಳಿಗೆ ಮೀಸಲಾಗಿದೆ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದದ ಮೂಲಕ ಭಾರತೀಯ ಶಿಕ್ಷಕರಿಗೂ ಷರತ್ತುಬದ್ಧ ಅವಕಾಶ ದೊರೆತಿದೆ.

ಇತಿಹಾಸ

ಕೊರಿಯಾದಲ್ಲಿ ಇಂಗ್ಲಿಷ್ ಕಲಿಕೆಯ ಆರಂಭವು ಜೋಸೋನ್ ರಾಜವಂಶದ ಕೊನೆಯ ಕಾಲಕ್ಕೆ ಸೇರುತ್ತದೆ. 1882ರಲ್ಲಿ ಅಮೆರಿಕದೊಡನೆ ಒಪ್ಪಂದವಾದ ಮರುವರ್ಷ, ಭಾಷಾಂತರಕಾರರನ್ನು ತರಬೇತುಗೊಳಿಸಲು ಸೋಲ್ ನಗರದಲ್ಲಿ ಸರ್ಕಾರಿ ಇಂಗ್ಲಿಷ್ ಶಾಲೆಯೊಂದು ಆರಂಭವಾಯಿತು. 1886ರಲ್ಲಿ ಗಣ್ಯಮನೆತನಗಳ ಯುವಕರಿಗಾಗಿ ರಾಜಾಶ್ರಯದ 'ಯುಗ್ಯೊಂಗ್ ಗೊಂಗ್‌ವೊನ್' ಶಾಲೆ ಸ್ಥಾಪನೆಯಾಯಿತು. ಹೋಮರ್ ಹಲ್ಬರ್ಟ್, ಜಾರ್ಜ್ ಗಿಲ್ಮೋರ್ ಮತ್ತು ಡಾಲ್ಜೆಲ್ ಬಂಕರ್ ಎಂಬ ಮೂವರು ಅಮೆರಿಕನ್ನರು ಅಲ್ಲಿ ಬೋಧಕರಾಗಿದ್ದರು. ಇದೇ ಅವಧಿಯಲ್ಲಿ ಮಿಷನರಿಗಳು ತೆರೆದ ಪೈಚೈ (1885) ಮತ್ತು ಇವ್ಹಾ (1886) ಶಾಲೆಗಳು ಸಾಮಾನ್ಯ ಜನರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಇಂಗ್ಲಿಷನ್ನು ತಲುಪಿಸಿದವು.

ಜಪಾನಿನ ಆಳ್ವಿಕೆಯಲ್ಲಿ (1910–1945) ಜಪಾನಿ ಭಾಷೆಗೆ ಪ್ರಾಧಾನ್ಯ ದೊರೆಯಿತು. ಸ್ವಾತಂತ್ರ್ಯಾನಂತರ ದೇಶದ ದಕ್ಷಿಣ ಭಾಗವು 1948ರವರೆಗೆ ಅಮೆರಿಕನ್ ಸೇನಾಡಳಿತದಲ್ಲಿದ್ದುದರಿಂದ ಇಂಗ್ಲಿಷಿನ ಪ್ರಭಾವ ಮತ್ತೆ ಹೆಚ್ಚಿತು. 1966ರಿಂದ 1981ರವರೆಗೆ ಅಮೆರಿಕದ ಶಾಂತಿದಳದ ಸ್ವಯಂಸೇವಕರು ಕೊರಿಯಾದಲ್ಲಿ ಕೆಲಸ ಮಾಡಿದರು. ಅವರಲ್ಲಿ ಅನೇಕರು ಸಣ್ಣ ಊರುಗಳ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದರು. 1970ರ ದಶಕದಲ್ಲಿ ಯೇಸಾನ್ ಪಟ್ಟಣದ ಶಾಲೆಯಲ್ಲಿ ಪಾಠ ಹೇಳಿದ್ದ ಕ್ಯಾಥ್ಲೀನ್ ಸ್ಟೀಫನ್ಸ್ 2008ರಲ್ಲಿ ಕೊರಿಯಾಕ್ಕೆ ಅಮೆರಿಕದ ರಾಯಭಾರಿಯಾಗಿ ಹಿಂದಿರುಗಿದರು.

1990ರ ದಶಕದಲ್ಲಿ ಅಧ್ಯಕ್ಷ ಕಿಮ್ ಯಂಗ್-ಸ್ಯಾಮ್ ಅವರ ಸರ್ಕಾರವು ಜಾಗತೀಕರಣವನ್ನು ರಾಷ್ಟ್ರೀಯ ನೀತಿಯಾಗಿ ಸ್ವೀಕರಿಸಿತು. 1995ರಲ್ಲಿ ಶಿಕ್ಷಣ ಸಚಿವಾಲಯದ ಆಶ್ರಯದಲ್ಲಿ 'ಎಪಿಕ್' ಎಂಬ ಹ್ರಸ್ವನಾಮದ ಯೋಜನೆ ಆರಂಭವಾಗಿ, ವಿದೇಶಿ ಶಿಕ್ಷಕರನ್ನು ಸರ್ಕಾರಿ ಶಾಲೆಗಳಿಗೆ ನೇಮಿಸತೊಡಗಿತು. 1997ರಿಂದ ಪ್ರಾಥಮಿಕ ಶಾಲೆಯ 3ನೇ ತರಗತಿಯಿಂದಲೇ ಇಂಗ್ಲಿಷ್ ಕಡ್ಡಾಯ ವಿಷಯವಾಯಿತು. ಗ್ರಾಮೀಣ ಶಾಲೆಗಳ ಶಾಲಾನಂತರದ ತರಗತಿಗಳಿಗಾಗಿ 2008ರಲ್ಲಿ 'ಟಾಕ್' ಎಂಬ ಮತ್ತೊಂದು ಯೋಜನೆ ಜಾರಿಗೆ ಬಂದಿತು. 2010ರ ದಶಕದ ಆರಂಭದಲ್ಲಿ ಸೋಲ್ ಮತ್ತು ಗ್ಯೊಂಗಿ ಪ್ರಾಂತ್ಯದ ಆಡಳಿತಗಳು ವೆಚ್ಚ ತಗ್ಗಿಸಲು ಪ್ರೌಢಶಾಲೆಗಳ ವಿದೇಶಿ ಶಿಕ್ಷಕರ ಸ್ಥಾನಗಳನ್ನು ಕಡಿತಗೊಳಿಸಿದವು.

ಬೇಡಿಕೆಯ ಹಿನ್ನೆಲೆ

ಕಾಲೇಜು ಪ್ರವೇಶಕ್ಕಾಗಿ ಪ್ರತಿವರ್ಷ ನವೆಂಬರ್‌ನಲ್ಲಿ ನಡೆಯುವ 'ಸುನುಂಗ್' ಪರೀಕ್ಷೆಯಲ್ಲಿ ಇಂಗ್ಲಿಷ್ ಕೂಡ ಒಂದು ವಿಷಯ. ಅದರ ಆಲಿಸುವಿಕೆಯ ಭಾಗ ನಡೆಯುವಾಗ ಸದ್ದು ತಡೆಯಲು ದೇಶದಾದ್ಯಂತ ವಿಮಾನಗಳ ಹಾರಾಟ ಮತ್ತು ಇಳಿತವನ್ನು ಸುಮಾರು 35 ನಿಮಿಷ ನಿಲ್ಲಿಸಲಾಗುತ್ತದೆ. 2017ರ ನವೆಂಬರ್‌ನಲ್ಲಿ ನಡೆದ ಪರೀಕ್ಷೆಯಿಂದ, ಇತರರ ಅಂಕಗಳಿಗೆ ಹೋಲಿಸದೆ ಪಡೆದ ಅಂಕಗಳ ಮೇಲೆಯೇ ಇಂಗ್ಲಿಷ್ ಶ್ರೇಣಿಯನ್ನು ನಿರ್ಧರಿಸಲಾಗುತ್ತಿದೆ.

ಪೋಷಕರು ಮಕ್ಕಳನ್ನು 'ಹಗ್ವಾನ್' ಎಂಬ ಖಾಸಗಿ ಪಾಠಕೇಂದ್ರಗಳಿಗೆ ಕಳುಹಿಸುತ್ತಾರೆ. ಇವು ಕರ್ನಾಟಕದ ಟ್ಯೂಷನ್ ಕೇಂದ್ರಗಳನ್ನು ಹೋಲುತ್ತವೆ. 1980ರಲ್ಲಿ ಸೇನಾ ಸರ್ಕಾರವು ಖಾಸಗಿ ಪಾಠವನ್ನು ನಿಷೇಧಿಸಿತ್ತು. 2000ದಲ್ಲಿ ಸಾಂವಿಧಾನಿಕ ನ್ಯಾಯಾಲಯವು ಆ ನಿಷೇಧವನ್ನು ಅಸಿಂಧುಗೊಳಿಸಿತು. ಸೋಲ್‌ನಲ್ಲಿ ರಾತ್ರಿ 10 ಗಂಟೆಯ ನಂತರ ಹಗ್ವಾನ್‌ಗಳು ಪಾಠ ನಡೆಸುವಂತಿಲ್ಲ. ಕೊರಿಯಾದ ಅಂಕಿಅಂಶ ಇಲಾಖೆಯ ಪ್ರಕಾರ 2023ರಲ್ಲಿ ಶಾಲಾ ಮಕ್ಕಳ ಖಾಸಗಿ ಪಾಠಕ್ಕೆ ಕುಟುಂಬಗಳು ಮಾಡಿದ ವೆಚ್ಚ 27.1 ಲಕ್ಷ ಕೋಟಿ ವೊನ್. ವಿಷಯವಾರು ನೋಡಿದರೆ ಇಂಗ್ಲಿಷಿನ ಪಾಲು ಎಲ್ಲಕ್ಕಿಂತ ಹೆಚ್ಚು.

ಅರ್ಹತೆ ಮತ್ತು ವೀಸಾ

ಏಳು ದೇಶಗಳ ಅಭ್ಯರ್ಥಿಗಳು ಹಗ್ವಾನ್‌ಗಳಲ್ಲಿ ಕಲಿಸಲು ಯಾವುದೇ ವಿಷಯದಲ್ಲಿ ಸ್ನಾತಕ ಪದವಿ ಹೊಂದಿದ್ದರೆ ಸಾಕು. ಶಿಕ್ಷಕ ತರಬೇತಿ ಕಡ್ಡಾಯವಲ್ಲ. ಎಪಿಕ್ ಯೋಜನೆಯು ಪದವಿಯ ಜೊತೆಗೆ ಶಿಕ್ಷಣಶಾಸ್ತ್ರದ ವ್ಯಾಸಂಗವನ್ನಾಗಲಿ, ಕನಿಷ್ಠ 100 ಗಂಟೆಗಳ ಇಂಗ್ಲಿಷ್ ಬೋಧನಾ ತರಬೇತಿಯನ್ನಾಗಲಿ ಬಯಸುತ್ತದೆ. ಕೊರಿಯನ್ ಮೂಲದ ವಿದೇಶಿ ಪ್ರಜೆಗಳು, ಕೊರಿಯನ್ನರನ್ನು ವಿವಾಹವಾದವರು ಮತ್ತು ಕಾಯಂ ನಿವಾಸಿಗಳು ಬೇರೆ ವರ್ಗಗಳ ವೀಸಾ ಹೊಂದಿರುವುದರಿಂದ ಏಳು ದೇಶಗಳ ನಿರ್ಬಂಧ ಅವರಿಗೆ ಅನ್ವಯಿಸುವುದಿಲ್ಲ.

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಆರೋಪದಲ್ಲಿ 2007ರಲ್ಲಿ ಥಾಯ್ಲೆಂಡಿನಲ್ಲಿ ಬಂಧಿತನಾದ ವ್ಯಕ್ತಿಯೊಬ್ಬ ಹಿಂದೆ ಕೊರಿಯಾದಲ್ಲಿ ಶಿಕ್ಷಕನಾಗಿದ್ದುದು ಬೆಳಕಿಗೆ ಬಂದಿತು. ಅದೇ ವರ್ಷದ ಡಿಸೆಂಬರ್‌ನಿಂದ ಇ-2 ಅಭ್ಯರ್ಥಿಗಳಿಗೆ ಅಪರಾಧ ಹಿನ್ನೆಲೆಯ ಪ್ರಮಾಣಪತ್ರ, ಮಾದಕವಸ್ತು ಪರೀಕ್ಷೆ ಮತ್ತು ಎಚ್‌ಐವಿ ಪರೀಕ್ಷೆಯನ್ನು ಕಡ್ಡಾಯಗೊಳಿಸಲಾಯಿತು. ಕೊರಿಯನ್ ಶಿಕ್ಷಕರಿಗಾಗಲಿ, ಕೊರಿಯನ್ ಮೂಲದ ವಿದೇಶಿ ಶಿಕ್ಷಕರಿಗಾಗಲಿ ಎಚ್‌ಐವಿ ಪರೀಕ್ಷೆ ಇರಲಿಲ್ಲ. ಮರುಪರೀಕ್ಷೆಗೆ ಒಪ್ಪದೆ ಕೆಲಸ ಕಳೆದುಕೊಂಡ ನ್ಯೂಜಿಲೆಂಡಿನ ಶಿಕ್ಷಕಿಯೊಬ್ಬರು ಸಲ್ಲಿಸಿದ ದೂರನ್ನು ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನಾ ಸಮಿತಿ 2015ರಲ್ಲಿ ಎತ್ತಿಹಿಡಿಯಿತು. 2017ರಲ್ಲಿ ಕೊರಿಯಾ ಸರ್ಕಾರವು ಈ ಪರೀಕ್ಷೆಯನ್ನು ಕೈಬಿಟ್ಟಿತು.

ಭಾರತೀಯ ಶಿಕ್ಷಕರು

ಭಾರತ ಮತ್ತು ಕೊರಿಯಾ ನಡುವಿನ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದಕ್ಕೆ 2009ರ ಆಗಸ್ಟ್ 7ರಂದು ಸೋಲ್‌ನಲ್ಲಿ ಸಹಿ ಬಿದ್ದಿತು. ಸರಕುಗಳ ಸುಂಕ ಮತ್ತು ಹೂಡಿಕೆಯ ಜೊತೆಗೆ ವೃತ್ತಿಪರರ ಸಂಚಾರಕ್ಕೂ ಅದರಲ್ಲಿ ಅವಕಾಶ ಕಲ್ಪಿಸಲಾಗಿದ್ದು, ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಸಹಾಯಕ ಇಂಗ್ಲಿಷ್ ಶಿಕ್ಷಕರು ಆ ವೃತ್ತಿಪರರ ಪಟ್ಟಿಯಲ್ಲಿದ್ದಾರೆ. ಭಾರತೀಯ ಅಭ್ಯರ್ಥಿಯು ಸ್ನಾತಕ ಪದವಿಯ ಜೊತೆಗೆ ಇಂಗ್ಲಿಷ್ ವಿಷಯದ ಶಿಕ್ಷಕ ಅರ್ಹತಾ ಪ್ರಮಾಣಪತ್ರವನ್ನು ಹೊಂದಿರಬೇಕು. ಈ ಅವಕಾಶವು ಶಾಲೆಗಳಿಗೆ ಸೀಮಿತವಾಗಿದೆ, ಹಗ್ವಾನ್‌ಗಳಿಗೆ ಅನ್ವಯಿಸುವುದಿಲ್ಲ.

ಹೀಗಾಗಿ ಅಭ್ಯರ್ಥಿಯ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ಅರ್ಹತೆಯ ಮಾನದಂಡ ಬದಲಾಗುತ್ತದೆ. ಏಳು ದೇಶಗಳ ಪ್ರಜೆಯ ಭಾಷಾಜ್ಞಾನವನ್ನು ಪೌರತ್ವದಿಂದಲೇ ಊಹಿಸಿಕೊಳ್ಳಲಾಗುತ್ತದೆ. ಭಾರತೀಯನು ಅದನ್ನು ವೃತ್ತಿಶಿಕ್ಷಣದಿಂದ ಸಾಬೀತುಪಡಿಸಬೇಕಾಗುತ್ತದೆ. 2011ರ ಜನಗಣತಿಯಂತೆ ಭಾರತದಲ್ಲಿ ಇಂಗ್ಲಿಷನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 2.6 ಲಕ್ಷ ಮಂದಿ. ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಬಲ್ಲವರನ್ನೂ ಸೇರಿಸಿದರೆ ಈ ಸಂಖ್ಯೆ ಸುಮಾರು 12.9 ಕೋಟಿ. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತು, ಅದರಲ್ಲಿಯೇ ಉನ್ನತ ವ್ಯಾಸಂಗ ಮಾಡಿ, ಅದನ್ನೇ ಬೋಧಿಸುವ ಈ ದೊಡ್ಡ ಸಮುದಾಯವು 'ಮಾತೃಭಾಷಿಕ' ಎಂಬ ಪದದ ಹೊರಗೆ ಉಳಿಯುತ್ತದೆ.

ಕರ್ನಾಟಕದಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿಗೆ ದೀರ್ಘ ಪರಂಪರೆಯಿದೆ. ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲಿಯೂ, ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮೈಸೂರಿನಲ್ಲಿಯೂ 1963ರಲ್ಲಿ ಸ್ಥಾಪನೆಯಾದವು. 2007–08ನೇ ಸಾಲಿನಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಅದನ್ನು ಕಲಿಸುವ ಅನುಭವವು ಇಲ್ಲಿನ ಶಿಕ್ಷಕರಿಗೂ ಕೊರಿಯಾದ ಶಿಕ್ಷಕರಿಗೂ ಸಮಾನವಾದುದು.

ದಾಖಲೆಗಳ ಸಿದ್ಧತೆ ಈ ಪ್ರಕ್ರಿಯೆಯ ದೀರ್ಘವಾದ ಹಂತ. ಪದವಿ ಪ್ರಮಾಣಪತ್ರಕ್ಕೆ ರಾಜ್ಯಮಟ್ಟದ ದೃಢೀಕರಣವಾದ ಬಳಿಕ ಭಾರತದ ವಿದೇಶಾಂಗ ಸಚಿವಾಲಯದ 'ಅಪೋಸ್ಟಿಲ್' ಮುದ್ರೆ ಬೇಕಾಗುತ್ತದೆ. ಈ ಮುದ್ರೆಗೆ ಸಂಬಂಧಿಸಿದ ಹೇಗ್ ಒಡಂಬಡಿಕೆಯು ಭಾರತದಲ್ಲಿ 2005ರಿಂದ, ಕೊರಿಯಾದಲ್ಲಿ 2007ರಿಂದ ಜಾರಿಯಲ್ಲಿದೆ. ಅಪರಾಧ ಹಿನ್ನೆಲೆಯ ಕುರಿತ ಪೊಲೀಸ್ ಅನುಮೋದನಾ ಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಬೇಕು. 2022ರ ಸೆಪ್ಟೆಂಬರ್‌ನಿಂದ ಅಂಚೆ ಕಚೇರಿಗಳಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರಗಳೂ ಈ ಅರ್ಜಿಗಳನ್ನು ಸ್ವೀಕರಿಸುತ್ತಿವೆ. ಇಂತಹ ಕೇಂದ್ರಗಳ ಪೈಕಿ ದೇಶದ ಮೊದಲ ಎರಡರಲ್ಲಿ ಒಂದು 2017ರ ಜನವರಿಯಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಬನ್ನೂರು, ತಿರುಮಕೂಡಲು ನರಸೀಪುರ, ನಂಜನಗೂಡು ಮೊದಲಾದ ಊರುಗಳ ಅರ್ಜಿದಾರರಿಗೆ ಇದು ಸಮೀಪದ ಕೇಂದ್ರ.

ಶಾಲೆಯಲ್ಲಿ ಕೆಲಸ

ಕೊರಿಯಾದ ಶಾಲಾ ವ್ಯವಸ್ಥೆಯಲ್ಲಿ 6 ವರ್ಷ ಪ್ರಾಥಮಿಕ, 3 ವರ್ಷ ಮಾಧ್ಯಮಿಕ ಮತ್ತು 3 ವರ್ಷ ಪ್ರೌಢ ಹಂತಗಳಿವೆ. ಶೈಕ್ಷಣಿಕ ವರ್ಷ ಮಾರ್ಚ್‌ನಲ್ಲಿ ಆರಂಭವಾಗುತ್ತದೆ. ಒಂದು ಪಾಠದ ಅವಧಿ ಪ್ರಾಥಮಿಕ ಶಾಲೆಯಲ್ಲಿ 40, ಮಾಧ್ಯಮಿಕದಲ್ಲಿ 45 ಮತ್ತು ಪ್ರೌಢಶಾಲೆಯಲ್ಲಿ 50 ನಿಮಿಷ. 3 ಮತ್ತು 4ನೇ ತರಗತಿಗಳಿಗೆ ವಾರಕ್ಕೆ 2, 5 ಮತ್ತು 6ನೇ ತರಗತಿಗಳಿಗೆ ವಾರಕ್ಕೆ 3 ಇಂಗ್ಲಿಷ್ ಪಾಠಗಳಿರುತ್ತವೆ.

ಎಪಿಕ್ ಒಪ್ಪಂದದಂತೆ ವಿದೇಶಿ ಶಿಕ್ಷಕರು ವಾರಕ್ಕೆ 22 ಪಾಠಗಳನ್ನು ನಡೆಸಬೇಕು. ಅದಕ್ಕೆ ಮೀರಿದ ಪಾಠಗಳಿಗೆ ಪ್ರತ್ಯೇಕ ಭತ್ಯೆ ದೊರೆಯುತ್ತದೆ. ತರಗತಿಯನ್ನು ಕೊರಿಯನ್ ಶಿಕ್ಷಕರೊಡನೆ ಜೊತೆಯಾಗಿ ನಡೆಸುವುದು ನಿಯಮ. ವಿದೇಶಿ ಶಿಕ್ಷಕರು ಉಚ್ಚಾರಣೆ ಮತ್ತು ಸಂಭಾಷಣೆಯನ್ನು ನೋಡಿಕೊಂಡರೆ, ಸ್ಥಳೀಯ ಶಿಕ್ಷಕರು ವ್ಯಾಕರಣದ ವಿವರಣೆ, ಶಿಸ್ತು ಮತ್ತು ಮೌಲ್ಯಮಾಪನವನ್ನು ನಿರ್ವಹಿಸುವುದು ಸಾಮಾನ್ಯ. ಪಾಠ ಯಶಸ್ವಿಯಾಗುವುದು ಈ ಇಬ್ಬರ ಹೊಂದಾಣಿಕೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಹಗ್ವಾನ್‌ಗಳಲ್ಲಿ ಮಕ್ಕಳು ಶಾಲೆ ಬಿಟ್ಟ ನಂತರ ಬರುವುದರಿಂದ ಕೆಲಸ ಮಧ್ಯಾಹ್ನದಿಂದ ರಾತ್ರಿಯವರೆಗೆ ಇರುತ್ತದೆ.

ಭಾಷಾಕಲಿಕೆಯ ಸಮಸ್ಯೆಗಳು

ಕೊರಿಯನ್ ಮಕ್ಕಳಿಗೆ ಇಂಗ್ಲಿಷಿನಲ್ಲಿ ಎದುರಾಗುವ ಕೆಲವು ತೊಡಕುಗಳು ಕನ್ನಡ ಬಲ್ಲವರಿಗೆ ಪರಿಚಿತವಾದವು. ಕನ್ನಡ ಮತ್ತು ಕೊರಿಯನ್ ಬೇರೆಬೇರೆ ಭಾಷಾಕುಟುಂಬಗಳಿಗೆ ಸೇರಿದ್ದರೂ ಎರಡರಲ್ಲಿಯೂ ಕರ್ತೃ, ಕರ್ಮ, ಕ್ರಿಯಾಪದ ಎಂಬ ಕ್ರಮವಿದ್ದು, ಪ್ರತ್ಯಯಗಳು ನಾಮಪದದ ನಂತರ ಬರುತ್ತವೆ. ಇಂಗ್ಲಿಷಿನ 'ಎ' ಮತ್ತು 'ದಿ'ಗಳಿಗೆ ಸಮನಾದ ಪದಗಳು ಎರಡರಲ್ಲಿಯೂ ಇಲ್ಲದ ಕಾರಣ ಮಕ್ಕಳು ಅವುಗಳನ್ನು ಬಿಟ್ಟು ಮಾತನಾಡುತ್ತಾರೆ.

ಪದದ ಕೊನೆಯ ವ್ಯಂಜನಕ್ಕೆ ಸ್ವರ ಸೇರಿಸುವುದೂ ಸಮಾನ ಪ್ರವೃತ್ತಿ. ಕನ್ನಡದಲ್ಲಿ 'ಬಸ್' ಎಂಬುದು 'ಬಸ್ಸು' ಆದಂತೆ ಕೊರಿಯನ್ನಿನಲ್ಲಿ 'ಬೊಸು' ಆಗುತ್ತದೆ. 'ಬೆಂಚ್' ಎಂಬುದು ಕನ್ನಡದಲ್ಲಿ 'ಬೆಂಚು', ಕೊರಿಯನ್ನಿನಲ್ಲಿ 'ಬೆಂಚಿ'. ಆದರೆ ಕೊರಿಯನ್ನಿನಲ್ಲಿ ಒತ್ತಕ್ಷರಗಳಂತಹ ವ್ಯಂಜನ ಗುಚ್ಛಗಳು ಪದದ ಆದಿಯಲ್ಲಿ ಬರುವುದಿಲ್ಲ. ಆದ್ದರಿಂದ 'ಸ್ಟ್ರೈಕ್' ಎಂಬ ಒಂದೇ ಉಚ್ಚಾರಾಂಶದ ಪದವು 'ಸು-ತು-ರಾ-ಇ-ಕು' ಎಂಬ ಐದು ಉಚ್ಚಾರಾಂಶಗಳಾಗಿ ಒಡೆಯುತ್ತದೆ. ರ ಮತ್ತು ಲ ಧ್ವನಿಗಳಿಗೆ ಅಲ್ಲಿ ಒಂದೇ ಅಕ್ಷರವಿರುವುದರಿಂದ ಅವುಗಳ ವ್ಯತ್ಯಾಸವನ್ನು ಗುರುತಿಸುವುದು ಮಕ್ಕಳಿಗೆ ಕಠಿಣ. ಕನ್ನಡಿಗರಿಗೆ ಈ ತೊಡಕಿಲ್ಲ.

ಜೀವನ ಮತ್ತು ಉದ್ಯೋಗದ ಹಕ್ಕುಗಳು

ಉದ್ಯೋಗದಾತರು ಸಾಮಾನ್ಯವಾಗಿ 'ಒನ್‌ರೂಮ್' ಎಂದು ಕರೆಯುವ ಒಂದು ಕೋಣೆಯ ಮನೆಯನ್ನು ಒದಗಿಸುತ್ತಾರೆ. ನೆಲದಡಿಯಿಂದ ಶಾಖ ಹರಿಸುವ 'ಒಂದೊಲ್' ವ್ಯವಸ್ಥೆ ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುತ್ತದೆ. ಮಾಂಸ ಅಥವಾ ಮೀನಿನ ಸಾರ ಅನೇಕ ಅಡುಗೆಗಳ ಮೂಲವಾಗಿರುವುದರಿಂದ ಸಸ್ಯಾಹಾರಿಗಳು ಶಾಲೆಯ ಊಟದಲ್ಲಿ ಎಚ್ಚರ ವಹಿಸಬೇಕಾಗುತ್ತದೆ. ಬೌದ್ಧ ದೇವಾಲಯಗಳ ಅಡುಗೆಯಲ್ಲಿ ಮಾಂಸವನ್ನೂ ಈರುಳ್ಳಿ, ಬೆಳ್ಳುಳ್ಳಿಗಳನ್ನೂ ಬಳಸುವುದಿಲ್ಲ. ಮಕ್ಕಳು ಶಿಕ್ಷಕರನ್ನು 'ಸೊನ್‌ಸೆಂಗ್‌ನಿಮ್' ಎಂದು ಕರೆಯುತ್ತಾರೆ. ಇಲ್ಲಿನ 'ನಿಮ್' ಗೌರವಸೂಚಕ ಪ್ರತ್ಯಯ; ಕನ್ನಡದ 'ಮೇಷ್ಟ್ರು' ಎಂಬುದರಲ್ಲಿರುವ ಗೌರವ ಬಹುವಚನಕ್ಕೆ ಇದನ್ನು ಹೋಲಿಸಬಹುದು. ಶಿಕ್ಷಕರ ದಿನವನ್ನು ಮೇ 15ರಂದು, ಹಂಗುಲ್ ಲಿಪಿಯನ್ನು ರೂಪಿಸಿದ ರಾಜ ಸೆಜೊಂಗನ ಜನ್ಮದಿನದಂದು ಆಚರಿಸಲಾಗುತ್ತದೆ.

ಒಂದು ವರ್ಷ ಪೂರೈಸಿದ ಉದ್ಯೋಗಿಗೆ ಸುಮಾರು ಒಂದು ತಿಂಗಳ ವೇತನದಷ್ಟು ನಿವೃತ್ತಿ ಭತ್ಯೆ ನೀಡುವುದು ಕಾನೂನಿನ ಅಗತ್ಯ. ಇದನ್ನು ತಪ್ಪಿಸಲು ವರ್ಷ ಮುಗಿಯುವ ಮುನ್ನವೇ ಕೆಲಸದಿಂದ ತೆಗೆಯಲಾಗುತ್ತದೆ ಎಂಬುದು ಹಗ್ವಾನ್ ಶಿಕ್ಷಕರ ಹಳೆಯ ದೂರು. ಇ-2 ವೀಸಾ ನಿರ್ದಿಷ್ಟ ಉದ್ಯೋಗದಾತರಿಗೆ ಬದ್ಧವಾಗಿರುವುದರಿಂದ, ಒಪ್ಪಂದದ ನಡುವೆ ಕೆಲಸ ಬದಲಿಸಲು ಹಳೆಯ ಉದ್ಯೋಗದಾತರ ಒಪ್ಪಿಗೆ ಪತ್ರ ಬೇಕಾಗುತ್ತದೆ. ವೇತನ ಸಂಬಂಧಿ ವ್ಯಾಜ್ಯಗಳನ್ನು ಉದ್ಯೋಗ ಮತ್ತು ಕಾರ್ಮಿಕ ಸಚಿವಾಲಯದ ಸ್ಥಳೀಯ ಕಚೇರಿಗೆ ಒಯ್ಯಬಹುದು.

2009ರಲ್ಲಿ ಬುಚೊನ್ ನಗರದ ಬಸ್ಸಿನಲ್ಲಿ ಭಾರತೀಯ ಸಂಶೋಧಕರೊಬ್ಬರನ್ನು ಮೈಬಣ್ಣದ ಕಾರಣಕ್ಕೆ ನಿಂದಿಸಿದ ವ್ಯಕ್ತಿಗೆ ನ್ಯಾಯಾಲಯವು 10 ಲಕ್ಷ ವೊನ್ ದಂಡ ವಿಧಿಸಿತು. ಜನಾಂಗೀಯ ನಿಂದನೆಗೆ ಕೊರಿಯಾದಲ್ಲಿ ಶಿಕ್ಷೆಯಾದ ಮೊದಲ ಪ್ರಕರಣವಾಗಿ ಇದು ಗಮನ ಸೆಳೆಯಿತು.

ಟೀಕೆ

ಮಾತೃಭಾಷಿಕ ಎಂಬ ಪರಿಕಲ್ಪನೆಯನ್ನೇ ಭಾಷಾಶಿಕ್ಷಣದ ವಿದ್ವಾಂಸರು ಪ್ರಶ್ನಿಸಿದ್ದಾರೆ. ಒಂದು ಭಾಷೆಯನ್ನು ಮನೆಯಲ್ಲಿ ಆಡುವುದು ಬೇರೆ, ಅದನ್ನು ಮಕ್ಕಳಿಗೆ ಕಲಿಸುವ ಸಾಮರ್ಥ್ಯ ಬೇರೆ ಎಂಬುದು ಅವರ ವಾದ. ಪೌರತ್ವದ ನಿಯಮದಿಂದಾಗಿ ಭಾರತ, ಫಿಲಿಪ್ಪೀನ್ಸ್, ಸಿಂಗಾಪುರ, ನೈಜೀರಿಯಾ ಮೊದಲಾದ ದೇಶಗಳ ತರಬೇತಾದ ಶಿಕ್ಷಕರಿಗಿಂತ, ತರಬೇತಿಯಿಲ್ಲದ ಪದವೀಧರರಿಗೆ ಸುಲಭವಾಗಿ ಅವಕಾಶ ದೊರೆಯುತ್ತದೆ. ವಿದೇಶಿ ಶಿಕ್ಷಕರ ಮೇಲಿನ ವೆಚ್ಚವನ್ನು ಕೊರಿಯನ್ ಶಿಕ್ಷಕರ ತರಬೇತಿಗೆ ಬಳಸಬೇಕೆಂಬ ಅಭಿಪ್ರಾಯವೂ ಅಲ್ಲಿದೆ. ಹಗ್ವಾನ್ ಶುಲ್ಕ ಭರಿಸಲಾಗದ ಕುಟುಂಬಗಳ ಮಕ್ಕಳಿಗೆ ಬೇರೆ ದೇಶದವರೊಡನೆ ಇಂಗ್ಲಿಷಿನಲ್ಲಿ ಮಾತನಾಡುವ ಅವಕಾಶ ಸಿಗುವುದು ಸರ್ಕಾರಿ ಶಾಲೆಯಲ್ಲಿ ಮಾತ್ರ ಎಂಬುದು ಯೋಜನೆಯನ್ನು ಸಮರ್ಥಿಸುವವರ ಮುಖ್ಯ ವಾದವಾಗಿದೆ.