ಮೂಟೆಗೊಂದು ಪಾಲು

ಮದುರೆಯಿಂದ ದಕ್ಷಿಣಕ್ಕೆ ಹೋಗುವ ರೈಲು ಒಂದು ಗಂಟೆಯೊಳಗೆ ವಿರುದುನಗರದಲ್ಲಿ ನಿಲ್ಲುತ್ತದೆ. ಬೇಳೆ, ಎಣ್ಣೆ, ಒಣಮೆಣಸಿನಕಾಯಿಗಳ ವ್ಯಾಪಾರದ ಊರು. ಹಳೆಯ ಹೆಸರು ವಿರುದುಪಟ್ಟಿ. ಚೆನ್ನೈಯಲ್ಲಿ ಬಹಳ ಕಾಲ ಇದ್ದವರಿಗೂ ಈ ಊರೆಂದರೆ ಕಾಮರಾಜರ ಊರು ಎನ್ನುವುದರಾಚೆ ಹೆಚ್ಚೇನೂ ಗೊತ್ತಿರುವುದಿಲ್ಲ. ಆದರೆ ವ್ಯಾಪಾರಿಗಳ ಸಂಘವೊಂದು ಶಾಲೆ ನಡೆಸುವುದು, ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವುದು ಎಂದರೇನು ಎಂದು ತಿಳಿಯಬೇಕಾದರೆ ಈ ಊರಿನ ಲೆಕ್ಕದ ಪುಸ್ತಕವನ್ನೇ ತೆರೆಯಬೇಕು.

ಹತ್ತೊಂಬತ್ತನೇ ಶತಮಾನದಲ್ಲಿ ತಿರುನಲ್ವೇಲಿಯ ಕಡೆಯಿಂದ ನಾಡಾರ್ ವರ್ತಕರು ಉತ್ತರಕ್ಕೆ, ರಾಮನಾಡಿನ ಒಣನೆಲಕ್ಕೆ ಬಂದರು. ತಾಳೆಮರ ಹತ್ತುವುದು, ಕಳ್ಳಿಳಿಸುವುದು, ತಾಳೆಬೆಲ್ಲ ಮಾಡುವುದು ಅವರ ಸಮುದಾಯದ ಕಸುಬು. ಗಾಡಿಯಲ್ಲಿ ಸರಕು ಹೇರಿಕೊಂಡು ಬಂದವರಿಗೆ ದಾರಿಯಲ್ಲಿ ದರೋಡೆಯ ಭಯ. ಹಾಗಾಗಿ ಗಾಡಿ, ಎತ್ತು, ಸರಕುಗಳ ರಕ್ಷಣೆಗೆ ಗೋಡೆ ಕಟ್ಟಿದ ಆವರಣಗಳನ್ನು ಮಾಡಿಕೊಂಡರು. ಅದಕ್ಕೆ ಅವರು ಕೊಟ್ಟ ಹೆಸರು ಪೇಟ್ಟೈ. ನಮ್ಮ ಪೇಟೆಯ ಬಂಧುವೇ. ಶಿವಕಾಶಿ, ವಿರುದುಪಟ್ಟಿ, ಅರುಪ್ಪುಕೋಟೆ, ತಿರುಮಂಗಲಗಳು ಬೆಳೆದದ್ದು ಹೀಗೆ. ಪೇಟ್ಟೈಯ ಆಡಳಿತ 'ಉರವಿನ್‌ಮುರೈ' ಎಂಬ ಸಂಘದ ಕೈಯಲ್ಲಿತ್ತು. ಗೋಡೆ, ಬಾವಿ, ಕಾವಲಿನ ಖರ್ಚಿಗಾಗಿ ವ್ಯಾಪಾರವಾದ ಸರಕಿನ ಮೇಲೆ ಸಂಘವೇ ಒಂದು ಸಣ್ಣ ಪಾಲು ಎತ್ತುತ್ತಿತ್ತು. ಇದೇ ಮಹಿಮೈ. ಸರ್ಕಾರದ ಕಾಯಿದೆಯಿಂದ ಬಂದ ತೆರಿಗೆ ಇದಲ್ಲ. ಆದರೂ ತಪ್ಪಿಸಿಕೊಳ್ಳುವುದು ಸುಲಭವಿರಲಿಲ್ಲ. ಸಂಘವನ್ನು ಬಿಟ್ಟು ಆ ಊರಲ್ಲಿ ಮದುವೆಯೂ ಇಲ್ಲ, ವ್ಯಾಪಾರವೂ ಇಲ್ಲ.

ಕಾವಲಿನ ಈ ದುಡ್ಡು ಶಾಲೆಗೆ ತಿರುಗಿದ್ದೇಕೆ? ಕೈಯಲ್ಲಿ ಹಣ ಬಂದರೂ ದೇವಸ್ಥಾನದ ಬಾಗಿಲು ತೆರೆಯಲಿಲ್ಲ. 1897ರಲ್ಲಿ ಕಮುದಿಯ ಮೀನಾಕ್ಷಿ ಸುಂದರೇಶ್ವರ ಗುಡಿಯೊಳಗೆ ನಾಡಾರರು ಪ್ರವೇಶಿಸಿದಾಗ ರಾಮನಾಡಿನ ರಾಜ ಭಾಸ್ಕರ ಸೇತುಪತಿ ಕೋರ್ಟಿಗೆ ಹೋದ. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ನಡೆದು 1908ರಲ್ಲಿ ನಾಡಾರರ ವಿರುದ್ಧವೇ ಮುಗಿಯಿತು. ನಡುವೆ, 1899ರಲ್ಲಿ, ಶಿವಕಾಶಿ ಲೂಟಿಯಾಗಿ ಹೊತ್ತಿ ಉರಿದಿತ್ತು. ಬೇರೆಯವರ ಬಾಗಿಲು ತಟ್ಟುವುದರ ಜೊತೆಗೆ ತಮ್ಮದೇ ಬಾಗಿಲು ಕಟ್ಟಿಕೊಳ್ಳುವುದೂ ಅಗತ್ಯವಾಗಿತ್ತು. ವಿರುದುಪಟ್ಟಿಯ ಕ್ಷತ್ರಿಯ ವಿದ್ಯಾಶಾಲೆ ಮಹಿಮೈಯಿಂದ ಎದ್ದ ಶಾಲೆ. ಅದಕ್ಕೆ ಮನೆಮನೆಯಿಂದ ಹಿಡಿ ಅಕ್ಕಿಯೂ ಸೇರುತ್ತಿತ್ತು. ಮಠಕ್ಕೆ ಮುಷ್ಟಿ ಅಕ್ಕಿ ಎತ್ತಿಡುವ ನಮ್ಮ ಮನೆಗಳಿಗೆ ಇದನ್ನು ವಿವರಿಸಬೇಕಿಲ್ಲ. 1910ರಲ್ಲಿ ಊರೂರಿನ ಸಂಘಗಳ ಮೇಲೊಂದು ನಾಡಾರ್ ಮಹಾಜನ ಸಂಗಮ್ ಹುಟ್ಟಿತು. ಅದು ಹಳ್ಳಿಗಳಲ್ಲಿ ಶಾಲೆ ತೆರೆಯಿತು, ಕಾಲೇಜಿಗೆ ಹೋಗುವ ಹುಡುಗರಿಗೆ ಸಾಲದ ರೂಪದಲ್ಲಿ ವಿದ್ಯಾರ್ಥಿವೇತನ ಕೊಟ್ಟಿತು. ವ್ಯಾಪಾರಿಯ ಬುದ್ಧಿ ನೋಡಿ: ಕೊಟ್ಟದ್ದು ತಿರುಗಿ ಬಂದರೆ ಇನ್ನೊಬ್ಬ ಹುಡುಗ ಓದುತ್ತಾನೆ.

ಈ ಪದ್ಧತಿ ನಾಡಾರರು ಹುಟ್ಟುಹಾಕಿದ್ದಲ್ಲ. ಅದರ ಬೇರು ಹುಡುಕುತ್ತ ಹೋದರೆ ದಾರಿ ಕರ್ನಾಟಕಕ್ಕೇ ಬರುತ್ತದೆ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ, ಅಂದಿನ ಅಯ್ಯಾವೊಳೆ, ಅಲ್ಲಿನ ಐನೂರ್ವರು ಎಂಬ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರು. ವೀರ ಬಣಂಜು ಧರ್ಮದವರು ಎಂದು ಶಾಸನಗಳು ಹೊಗಳುವ ಈ ವರ್ತಕರು ಬಳ್ಳಿಗಾವೆಯಿಂದ ಹಿಡಿದು ತಮಿಳುನಾಡು, ಸಿಂಹಳದವರೆಗೆ ಹರಡಿದ್ದರು. ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ಅವರ ತಮಿಳು ಶಾಸನವೇ ಇದೆ, 1088ರದು. ವಿರುದುನಗರದಿಂದ ಬಹಳ ದೂರವಿಲ್ಲದ ಪಿರಾನ್‌ಮಲೆಯ ಗುಡಿಯಲ್ಲಿ ಹದಿಮೂರನೇ ಶತಮಾನದ ಒಂದು ಶಾಸನವಿದೆ. ಅದರಲ್ಲಿ ಐನೂರ್ವರು ಮತ್ತು ಅವರ ಜೊತೆಗಾರರು ಉಪ್ಪು, ಅಕ್ಕಿ, ಅಡಿಕೆ, ಮೆಣಸು, ಅರಿಸಿನ, ಒಣಶುಂಠಿ, ಕಬ್ಬಿಣ, ಹತ್ತಿ, ನೂಲು, ಜೇನು, ಕೊನೆಗೆ ಕುದುರೆ, ಆನೆಗಳವರೆಗೆ ಒಂದೊಂದರ ಮೇಲೂ ಗುಡಿಗೆ ಸಲ್ಲಬೇಕಾದ ಪಾಲನ್ನು ಗೊತ್ತುಮಾಡಿದ್ದಾರೆ. ನಮ್ಮ ಶಾಸನಗಳಲ್ಲೂ ಹೇರಿಗೆ ಇಷ್ಟು, ಗಾಣಕ್ಕೆ ಇಷ್ಟು ಎಂಬ ಸಾಲುಗಳು ಮತ್ತೆಮತ್ತೆ ಬರುತ್ತವೆ. ರಾಜರ ದಾನಶಾಸನಗಳಿಗಿಂತ ಈ ಚಿಲ್ಲರೆ ಲೆಕ್ಕಗಳೇ ನನಗೆ ರುಚಿ. ದಾನಿಯ ಮುಖ ಅಲ್ಲಿ ಕಾಣುವುದಿಲ್ಲ, ತಕ್ಕಡಿ ಕಾಣುತ್ತದೆ.

ಉತ್ತರದ, ಪಶ್ಚಿಮದ ಮಂಡಿಗಳಲ್ಲಿ ಇದರ ಹೆಸರು ಧರ್ಮಾದಾ. ಬಿಲ್ಲಿನಲ್ಲಿ ಸರಕಿನ ಬೆಲೆಯ ಕೆಳಗೆ ಅದಕ್ಕೊಂದು ಬೇರೆಯೇ ಸಾಲು. ಈ ಹಣ ಯಾರದ್ದು? ಹಾಥ್‌ರಸ್‌ನ ಬಿಜಲಿ ಕಾಟನ್ ಮಿಲ್ಸ್ ತನ್ನ ಗಿರಾಕಿಗಳಿಂದ ಧರ್ಮಾದಾ ವಸೂಲು ಮಾಡುತ್ತಿತ್ತು; ಅದು ಮಿಲ್ಲಿನ ಆದಾಯವೇ ಎಂದು ಆದಾಯ ತೆರಿಗೆಯವರು ವಾದಿಸಿದರು. ಮೊದಲಿನಿಂದಲೂ ಧರ್ಮಕಾರ್ಯಕ್ಕೆಂದೇ ಬೇರ್ಪಟ್ಟ ಹಣ ವ್ಯಾಪಾರಿಯ ಆದಾಯವಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಸರಿಯಾದ ತೀರ್ಪು. ಆದರೆ ಅದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಆದಾಯ ವ್ಯಾಪಾರಿಯದಲ್ಲ ಎಂದಾದರೆ ದಾನವೂ ಪೂರ್ತಿ ಅವನದಲ್ಲ. ಮೂಟೆಯ ಮೇಲಿನ ಪಾಲು ಒಂದೋ ಕೊಳ್ಳುವವನ ಮೇಲೆ ಬೀಳುತ್ತದೆ, ಇಲ್ಲವೇ ಮೂಟೆ ತಂದ ರೈತನ ಬೆಲೆಯಲ್ಲಿ ಮುರಿಯುತ್ತದೆ. ಅವರ ಜಾತಿ ಯಾವುದೋ. ಶಾಲೆಯ ಕಲ್ಲಿನ ಮೇಲೆ ಕೆತ್ತಿದ ಹೆಸರು ಇನ್ನಾರದೋ. ಮುಂಬಯಿಯಿಂದ ಮಂಗಳೂರಿನವರೆಗೆ ನಮ್ಮ ಜಾತಿ ಸಂಘಗಳ ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿದವರಿಗೆ ಈ ಮುಜುಗರ ಅಪರಿಚಿತವಲ್ಲ. ಹಾಗೆಂದು ಗುಡಿಯಿಂದ ಹೊರಗಿಟ್ಟವರು ತಮ್ಮ ಮಕ್ಕಳನ್ನು ಮೊದಲು ಓದಿಸಿದ್ದು ತಪ್ಪು ಎನ್ನಲು ನನಗಂತೂ ಬಾಯಿ ಬಾರದು.

ಕಾಮರಾಜರು 1903ರಲ್ಲಿ ಹುಟ್ಟಿದ್ದು ಇದೇ ಪೇಟೆಯ ತೆಂಗಿನಕಾಯಿ ವ್ಯಾಪಾರಿಯ ಮನೆಯಲ್ಲಿ, ಓದಿದ್ದು ಇದೇ ಹಿಡಿ ಅಕ್ಕಿಯ ಶಾಲೆಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಹೋದರು. ಶಾಲೆ ತಮ್ಮವರದೇ, ಮನೆಯ ಹತ್ತಿರದ್ದೇ. ಆದರೂ ಹನ್ನೆರಡರ ಆಸುಪಾಸಿನಲ್ಲಿ ಹುಡುಗ ಅದನ್ನು ಬಿಟ್ಟು ಮಾವನ ಬಟ್ಟೆ ಅಂಗಡಿ ಸೇರಿದ. ಶಾಲೆಯನ್ನು ನಡೆಸುವ ಅಕ್ಕಿ ಮನೆಯ ಒಲೆಯವರೆಗೆ ಹೋಗುವಂಥದ್ದಲ್ಲ. 1954ರಲ್ಲಿ ಮದರಾಸಿನ ಮುಖ್ಯಮಂತ್ರಿಯಾದ ಅವರು ಎರಡು ವರ್ಷದ ನಂತರ ಶಾಲೆಯಲ್ಲೇ ಮಧ್ಯಾಹ್ನದ ಊಟ ಕೊಡುವ ಯೋಜನೆಗೆ ಕೈಹಾಕಿದರು. ಅಲ್ಲಿ ಜಾತಿಯ ಅರ್ಜಿ ಇರಲಿಲ್ಲ. ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಎನ್. ಡಿ. ಸುಂದರವಡಿವೇಲು ಊರೂರು ಸುತ್ತಿ ಜನರನ್ನು ಕೂಡಿಸಿದರು. ಮೊದಲ ವರ್ಷಗಳಲ್ಲಿ ಊಟದ ಖರ್ಚು ಪೂರ್ತಿ ಸರ್ಕಾರದ್ದಾಗಿರಲಿಲ್ಲ. ಒಂದು ಪಾಲನ್ನು ಆಯಾ ಊರಿನವರೇ ಹೊಂದಿಸಬೇಕಾಗಿತ್ತು.